ಹಬ್ಬದ ತಿನಿಸಿಗೆ ಹೊಲದ ಜಿಡ್ಡು



ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ನವರಾತ್ರಿಯಿಂದ ದೀಪಾವಳಿಯವರೆಗಿನ ದಿನಗಳು ಸುಗ್ಗಿಯ ದಿನಗಳೂ ಹೌದು, ಹಬ್ಬದ ದಿನಗಳೂ ಹೌದು. ಮುಂಗಾರಿ ಶೇಂಗಾ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ ಚೀಲ ತುಂಬುವ ಕಾಲ ಅದು. ಸಜ್ಜೆಯ ರಾಶಿಯಾಗಿರುತ್ತದೆ, ಎಳ್ಳು ಮನೆ ಸೇರಿರುತ್ತದೆ. ಶೇಂಗಾ ಚೀಲಗಳು ಟ್ರ್ಯಾಕ್ಟರ್ ಏರಿ ಪೇಟೆಗೆ ಹೋಗುತ್ತವೆ. ಅದೇ ಟ್ರ್ಯಾಕ್ಟರ್ ಹಿಂದಿರುಗುವಾಗ ಹಬ್ಬದ ಸಂತೆಯನ್ನು ತರುತ್ತದೆ: ಮೈದಾ, ಸಕ್ಕರೆ, ಪಾಕೀಟಿನ ಎಣ್ಣೆ, ಡಾಲ್ಡಾ, ಕೈಯಲ್ಲಿ ದುಡ್ಡು ಉಳಿದಿದ್ದರೆ ಅರ್ಧ ಕಿಲೋ ತುಪ್ಪ. ಎಣ್ಣೆಕಾಳು ಮಾರಿ ಜಿಡ್ಡು ಕೊಂಡು ತರುವ ಈ ವ್ಯವಹಾರವನ್ನು ಕುಳಿತು ಲೆಕ್ಕ ಹಾಕಿದ ಮನೆಗಳು ಕಡಿಮೆ.

ಹಿಂದೆ ಎಮ್ಮೆ ಕಟ್ಟಿದ ಮನೆಯಲ್ಲಿ ತುಪ್ಪಕ್ಕೆ ಪೇಟೆಯ ಹಂಗಿರಲಿಲ್ಲ. ಈಗ ಹಾಲು ಬೆಳಗಾಗುತ್ತಲೇ ಡೇರಿಗೆ ಹೋಗುತ್ತದೆ. ಮೊಸರು ಕಡೆಯುವಷ್ಟು ಹಾಲು ಮನೆಯಲ್ಲಿ ಉಳಿಯುವುದು ಅಪರೂಪ. ಮಳೆ ಕೈಕೊಟ್ಟ ವರ್ಷ ಮೇವಿಲ್ಲದೆ ಎಮ್ಮೆಯನ್ನೇ ಮಾರಬೇಕಾಗುತ್ತದೆ. ಶೇ. 6ರಿಂದ 7ರಷ್ಟು ಜಿಡ್ಡಿರುವ ಎಮ್ಮೆ ಹಾಲಿನಿಂದ ಒಂದು ಕಿಲೋ ತುಪ್ಪ ತೆಗೆಯಲು ಸುಮಾರು 16ರಿಂದ 18 ಲೀಟರ್ ಹಾಲು ಬೇಕು. ಹೀಗಿರುವಾಗ "ತುಪ್ಪ ಇಲ್ದ ಹಬ್ಬ ಏನ್ ಹಬ್ಬವಾ?" ಎಂದು ಅತ್ತೆ ಕೇಳಿದರೆ, "ಎಲ್ಲಿಂದ ತರೂಣ್ರಿ ಅತ್ತಿ, ಹಾಲೆಲ್ಲ ಡೇರಿಗಿ ಹೋತು" ಎಂದು ಸೊಸೆ ಹೇಳುವುದು ಸಹಜ. ಕೊನೆಗೆ ಡಾಲ್ಡಾ ಡಬ್ಬಿ ಒಲೆಯ ಪಕ್ಕಕ್ಕೆ ಬರುತ್ತದೆ. ತುಪ್ಪವೂ ಇಲ್ಲದೆ, ಡಾಲ್ಡಾವೂ ಇಲ್ಲದೆ, ತಮ್ಮ ಹೊಲದ ಬೆಳೆಯಿಂದಲೇ ಹಬ್ಬದ ತಿನಿಸನ್ನು ರುಚಿಯಾಗಿ ಮಾಡಬಹುದೇ ಎಂಬುದೇ ಈ ಮಾತಿನ ವಿಷಯ.

ವನಸ್ಪತಿ ಬಂದ ಬಗೆ

ಹಬ್ಬದ ತಿನಿಸಿಗೆ ಪ್ರಾಣಿ ಮೂಲದ ಜಿಡ್ಡನ್ನು ಬಳಸುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ. ಇಲ್ಲಿ ಬೆಣ್ಣೆ, ತುಪ್ಪ ಇದ್ದಂತೆ ಯುರೋಪು, ಅಮೆರಿಕಗಳಲ್ಲಿ ಕ್ರಿಸ್ಮಸ್ ತಿನಿಸುಗಳಿಗೆ ಬೆಣ್ಣೆಯ ಜೊತೆಗೆ ಹಂದಿಯ ಕೊಬ್ಬನ್ನೂ ದನದ ಕೊಬ್ಬನ್ನೂ ಬಳಸುತ್ತಿದ್ದರು. ದ್ರವರೂಪದ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಯಾದ ಜಿಡ್ಡನ್ನು ತಯಾರಿಸುವ ವಿಧಾನಕ್ಕೆ 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬ ರಸಾಯನ ವಿಜ್ಞಾನಿ ಪೇಟೆಂಟ್ ಪಡೆದರು. ಹತ್ತಿಕಾಳಿನ ಎಣ್ಣೆಯಿಂದ ಈ ರೀತಿ ಮಾಡಿದ ಜಿಡ್ಡು 1911ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದು ಹಂದಿ ಕೊಬ್ಬಿನ ಸ್ಥಾನವನ್ನು ಹಿಡಿಯಿತು. ಭಾರತದಲ್ಲಿ 1937ರಲ್ಲಿ ಡಾಲ್ಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ವನಸ್ಪತಿಯು ತುಪ್ಪದ ಸ್ಥಾನಕ್ಕೆ ಕೈ ಹಾಕಿತು. ಆ ಹೆಸರು ಎಷ್ಟು ಹರಡಿತೆಂದರೆ ಇಂದಿಗೂ ಹಳ್ಳಿಗಳಲ್ಲಿ ಯಾವ ಕಂಪನಿಯ ವನಸ್ಪತಿಯಾದರೂ ಅದು ಡಾಲ್ಡಾವೇ.

ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿ ಮಾರುವವರನ್ನು ಹಿಡಿಯಲು ಸರ್ಕಾರ ಒಂದು ಉಪಾಯ ಮಾಡಿತು. ವನಸ್ಪತಿಗೆ ಗೊತ್ತಾದ ಪ್ರಮಾಣದಲ್ಲಿ ಎಳ್ಳೆಣ್ಣೆಯನ್ನು ಸೇರಿಸಲೇಬೇಕೆಂದು ನಿಯಮ ಮಾಡಲಾಯಿತು. ಎಳ್ಳೆಣ್ಣೆ ಇರುವ ಜಿಡ್ಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫುರಾಲ್ ಎಂಬ ರಾಸಾಯನಿಕವನ್ನು ಹಾಕಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ಇದಕ್ಕೆ ಬೋಡೋಯಿನ್ ಪರೀಕ್ಷೆ ಎನ್ನುತ್ತಾರೆ. ನಮ್ಮ ಹೊಲದ ಎಳ್ಳು ಕಲಬೆರಕೆಯ ಮೇಲೆ ಸಾಕ್ಷಿ ಹೇಳುವ ಕೆಲಸವನ್ನೂ ಮಾಡಿತೆಂಬುದು ಸ್ವಾರಸ್ಯದ ಸಂಗತಿ. ಆದರೆ ವನಸ್ಪತಿಯಲ್ಲಿಯೇ ಬೇರೊಂದು ವಸ್ತು ಬೆರೆತರೆ? 1983ರಲ್ಲಿ, ಆಮದಾದ ದನದ ಕೊಬ್ಬನ್ನು ವನಸ್ಪತಿಗೆ ಬೆರೆಸಲಾಗುತ್ತಿದೆ ಎಂಬ ವಿಷಯ ಹೊರಬಿದ್ದು ದೇಶದಲ್ಲೆಲ್ಲ ಕೋಲಾಹಲವಾಯಿತು. ಸರ್ಕಾರ ಅಂಥ ಕೊಬ್ಬಿನ ಆಮದನ್ನು ನಿಷೇಧಿಸಿತು. ಶಾಕಾಹಾರವೆಂದು ನಂಬಿ ದೇವರಿಗೆ ನೈವೇದ್ಯ ಮಾಡಿದ ಮನೆಗಳಿಗೆ ಆಗಿನ ನೋವು ಸಣ್ಣದಲ್ಲ.

ಆಮೇಲೆ ಆರೋಗ್ಯದ ಪ್ರಶ್ನೆ ಬಂದಿತು. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಎಂಬುದು ಹುಟ್ಟುತ್ತದೆ. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಹೆಚ್ಚಿಸಿ ಒಳ್ಳೆಯ ಕೊಲೆಸ್ಟೆರಾಲನ್ನು ತಗ್ಗಿಸುತ್ತದೆ. ಹೃದಯದ ಬೇನೆಗೆ ದಾರಿ ಮಾಡುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು 2021ರಲ್ಲಿ ಶೇ. 3ನ್ನೂ, 2022ರ ಜನವರಿಯಿಂದ ಶೇ. 2ನ್ನೂ ಮೀರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮಿತಿ ಹಾಕಿದೆ. ಆದ್ದರಿಂದ ಪರವಾನಗಿ ಸಂಖ್ಯೆ ಇರುವ, ಮೊಹರು ಮಾಡಿದ ಪಾಕೀಟಿನ ವನಸ್ಪತಿ ಹಿಂದಿನಂತಿಲ್ಲ. ಆದರೂ ಅದರಲ್ಲಿ ಗಟ್ಟಿಯಾದ, ಪರ್ಯಾಪ್ತ ಕೊಬ್ಬು ಹೆಚ್ಚು. ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಡಾಲ್ಡಾ ಮತ್ತು ಅಗ್ಗದ "ತುಪ್ಪ"ದೊಳಗೆ ಏನಿದೆ ಎಂಬುದನ್ನು ಕೊಳ್ಳುವವರು ನೋಡಿ ತಿಳಿಯಲಾರರು.

ತಿನಿಸಿನಲ್ಲಿ ಜಿಡ್ಡಿನ ಕೆಲಸ

ತುಪ್ಪದ ಬದಲಿಗೆ ಏನು ಹಾಕಬೇಕೆಂದು ತಿಳಿಯುವ ಮುನ್ನ ತುಪ್ಪವು ತಿನಿಸಿನಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಅದರ ಕೆಲಸ ಮೂರು.

ಮೊದಲನೆಯದು ಗರಿ. ಗೋಧಿ ಹಿಟ್ಟಿಗೆ ನೀರು ಬಿದ್ದ ಕೂಡಲೇ ಅದರಲ್ಲಿ ಜಿಗುಟು ಹುಟ್ಟುತ್ತದೆ. ನೀರಿಗಿಂತ ಮೊದಲೇ ಜಿಡ್ಡು ಹಿಟ್ಟಿನ ಕಣಗಳನ್ನು ಸವರಿದರೆ ಜಿಗುಟು ಎಳೆ ಕಟ್ಟುವುದಿಲ್ಲ, ತಿನಿಸು ಗರಿಗರಿಯಾಗುತ್ತದೆ. ಶಂಕರಪಾಳಿ, ಕರ್ಚಿಕಾಯಿ, ಚಕ್ಕಲಿ, ಬಿಸ್ಕೀಟುಗಳಲ್ಲಿ ಜಿಡ್ಡಿನ ಕೆಲಸ ಇದು. ಇದನ್ನು ಕಾಸಿದ ಎಣ್ಣೆ ಚೆನ್ನಾಗಿಯೇ ಮಾಡುತ್ತದೆ.

ಎರಡನೆಯದು ಮೃದುತನ ಮತ್ತು ಅಂಟು. ಉಂಡೆ ಕಟ್ಟಲು, ಹೂರಣ ಒಣಗದಂತಿರಲು ಜಿಡ್ಡು ಬೇಕು. ಈ ಕೆಲಸವನ್ನು ಹುರಿದು ಕುಟ್ಟಿದ ಶೇಂಗಾ, ಎಳ್ಳು, ಒಣಕೊಬ್ಬರಿ ತಮ್ಮೊಳಗಿನ ಎಣ್ಣೆಯಿಂದಲೇ ಮಾಡುತ್ತವೆ, ಬೆಲ್ಲ ಜೊತೆಗೂಡುತ್ತದೆ.

ಮೂರನೆಯದು ಕಂಪು. ಇದರಲ್ಲಿ ತುಪ್ಪಕ್ಕೆ ಸಾಟಿಯಿಲ್ಲ. ಆದರೆ ಕಂಪಿಗೆ ಒಂದು ಚಮಚ ಸಾಕು. ಹಿಟ್ಟಿನೊಳಗೆ ಕಲಸಿ ಕಾಯಿಸಿದ ತುಪ್ಪಕ್ಕಿಂತ, ತಟ್ಟೆಗೆ ಬಂದ ಬಿಸಿ ಹೋಳಿಗೆಯ ಮೇಲೆ ಸವರಿದ ತುಪ್ಪ ಹೆಚ್ಚು ಘಮಘಮಿಸುತ್ತದೆ. ಪೂರ್ತಿ ಸಸ್ಯಮೂಲದ್ದೇ ಬೇಕೆನ್ನುವವರು ಎಳ್ಳನ್ನು ಹದವಾಗಿ ಹುರಿದು, ಏಲಕ್ಕಿ ಕುಟ್ಟಿ ಹಾಕಿದರೆ ಬೇರೆಯೇ ಒಂದು ಒಳ್ಳೆಯ ಕಂಪು ಬರುತ್ತದೆ.

ಹೊಲದಲ್ಲಿರುವ ಜಿಡ್ಡು

ಶೇಂಗಾ ಕಾಳಿನಲ್ಲಿ ಶೇ. 45ರಿಂದ 50ರಷ್ಟು ಎಣ್ಣೆ, ಸುಮಾರು ಶೇ. 25ರಷ್ಟು ಸಸಾರಜನಕ ಇವೆ. ಎಳ್ಳಿನಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಗುರೆಳ್ಳಿನಲ್ಲಿ ಶೇ. 35ರಿಂದ 40, ಕುಸುಬಿಯಲ್ಲಿ ಶೇ. 30ರ ಆಸುಪಾಸು ಎಣ್ಣೆ ಇರುತ್ತದೆ. ಒಣಕೊಬ್ಬರಿಯಲ್ಲಿ ಶೇ. 60ಕ್ಕಿಂತ ಹೆಚ್ಚು. ತುಪ್ಪ ಬಹುತೇಕ ಬರೀ ಜಿಡ್ಡು. ಕಾಳುಗಳಲ್ಲಿ ಜಿಡ್ಡಿನ ಜೊತೆಗೆ ಸಸಾರಜನಕ, ನಾರು, ಎಳ್ಳಿನಲ್ಲಾದರೆ ಸುಣ್ಣದಂಶವೂ ದೊರೆಯುತ್ತವೆ.

ಎಲ್ಲ ಎಣ್ಣೆಗಳ ಗುಣ ಒಂದೇ ಅಲ್ಲ. ಎಳ್ಳೆಣ್ಣೆಯಲ್ಲಿ ಅದನ್ನು ಬೇಗ ಕೆಡದಂತೆ ಕಾಯುವ ಸಹಜ ಅಂಶಗಳಿವೆ. ಆದ್ದರಿಂದ ಹದಿನೈದು ದಿನ ಇಡಬೇಕಾದ ತಿನಿಸಿಗೆ ಎಳ್ಳೆಣ್ಣೆ ಒಳ್ಳೆಯದು. ಶೇಂಗಾ ಎಣ್ಣೆಯೂ ಆಗುತ್ತದೆ. ಕುಸುಬಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಅದನ್ನು ದಿನದ ಅಡಿಗೆಗೆ ಬಳಸಿ ಬೇಗ ಮುಗಿಸುವುದು ಲೇಸು. ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತವೇ ಮುಖ್ಯ ಬೆಳೆ. ಅಲ್ಲಿಯ ಅಕ್ಕಿ ಗಿರಣಿಗಳ ತೌಡಿನಲ್ಲಿ ಶೇ. 15ರಿಂದ 20ರಷ್ಟು ಎಣ್ಣೆ ಇದೆ. ತೌಡೆಣ್ಣೆ ಹೆಚ್ಚಿನ ಕಾವನ್ನು ತಡೆಯುವುದರಿಂದ ಕರಿಯುವ ಕೆಲಸಕ್ಕೆ ಒಗ್ಗುತ್ತದೆ. ಆದರೆ ಅಕ್ಕಿಯಿಂದ ಬೇರೆಯಾದ ಕೂಡಲೇ ತೌಡು ಕೆಡಲು ತೊಡಗುವುದರಿಂದ ಅದನ್ನು ಕಾರ್ಖಾನೆಯಲ್ಲಿ ಶಾಖ ಕೊಟ್ಟು, ಎಣ್ಣೆ ತೆಗೆದು, ಶುದ್ಧಿ ಮಾಡಬೇಕು. ಮನೆಯಲ್ಲಿ ಅಥವಾ ಗಾಣದಲ್ಲಿ ಇದು ಆಗದು.

ಇವು ಯಾವುವೂ ಹೊಸ ಪದಾರ್ಥಗಳಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಲು ಕಟ್ಟಿಕೊಂಡು ಹೋಗುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಇರುತ್ತವೆ. ನಾಗರ ಪಂಚಮಿಗೆ ಶೇಂಗಾ ಉಂಡೆ, ಎಳ್ಳುಂಡೆ ಆಗಲೇಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಜೊತೆಗೆ ಮಾದಲಿ ಬರುತ್ತದೆ. ಬೆಲ್ಲದ ಸಿಹಿಯ ಮಾದಲಿ ಹೆಚ್ಚು ಜಿಡ್ಡಿಲ್ಲದೆ ಕೆಲವು ದಿನ ಕೆಡದೆ ಇರುತ್ತದೆ. ಹೀಗೆ ಹಿರಿಯರು ಜಿಡ್ಡನ್ನು ಕಾಳಿನಲ್ಲಿಯೇ ಕಂಡುಕೊಂಡಿದ್ದರು.

ಮಾಡುವ ವಿಧಾನಗಳು

ಶೇಂಗಾ ಹೋಳಿಗೆ: ಅರ್ಧ ಕಿಲೋ ಶೇಂಗಾ ಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಬೇಕು. 50 ಗ್ರಾಂ ಎಳ್ಳನ್ನು ಬೇರೆಯಾಗಿ ಹುರಿಯಬೇಕು. ಎರಡೂ ಪೂರ್ತಿ ಆರಿದ ಮೇಲೆ ಪುಡಿ ಮಾಡಿ, 350 ಗ್ರಾಂ ಹೆರೆದ ಬೆಲ್ಲ ಮತ್ತು ಏಲಕ್ಕಿ ಸೇರಿಸಿ ಮತ್ತೊಮ್ಮೆ ಕುಟ್ಟಬೇಕು. ಬಿಸಿಯಿರುವಾಗ ಪುಡಿ ಮಾಡಿದರೆ, ಅಥವಾ ಮಿಕ್ಸಿಯನ್ನು ಬಿಡದೆ ತಿರುಗಿಸಿದರೆ ಎಣ್ಣೆ ಬಿಟ್ಟು ಹೂರಣ ಮುದ್ದೆಯಾಗುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಉಂಡೆ ಕಟ್ಟುವ ಹದ ಬರುತ್ತದೆ. ಇದಕ್ಕೆ ತುಪ್ಪ ಬೇಡ. ಕಣಕಕ್ಕೆ 250 ಗ್ರಾಂ ಗೋಧಿ ಹಿಟ್ಟು, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ ಸಾಕು. ಅರ್ಧ ತಾಸು ನೆನೆದ ಕಣಕದಲ್ಲಿ ಹೂರಣ ತುಂಬಿ, ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಬೇಕು.

ಶಂಕರಪಾಳಿ: ಅರ್ಧ ಕಿಲೋ ಹಿಟ್ಟಿಗೆ 100 ಗ್ರಾಂ ತುಪ್ಪ ಹಾಕುವ ರೂಢಿ ಇದ್ದಲ್ಲಿ 80 ಮಿ.ಲೀ. ಶೇಂಗಾ ಎಣ್ಣೆ ಸಾಕು. ಎಣ್ಣೆ ತೆಳುವಾದುದರಿಂದ ಹಿಟ್ಟಿನಲ್ಲಿ ಬೇಗ ಹರಡುತ್ತದೆ. ತುಪ್ಪದಷ್ಟೇ ಹಾಕಿದರೆ ತಿನಿಸು ಕರಿಯುವಾಗ ಒಡೆದು ಎಣ್ಣೆಯಲ್ಲಿ ಕದಡಿಹೋಗುತ್ತದೆ. ಎಣ್ಣೆಯನ್ನು ಚೆನ್ನಾಗಿ ಕಾಸಿ ಹಿಟ್ಟಿನ ಮೇಲೆ ಸುರಿದು, ಮೊದಲು ಚಮಚದಿಂದ, ಆರಿದ ಮೇಲೆ ಎರಡೂ ಅಂಗೈಯಿಂದ ತಿಕ್ಕಬೇಕು. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಂತೆ ನಿಂತು, ಬೆರಳು ತಾಕಿಸಿದರೆ ಉದುರಬೇಕು. ಅದೇ ಹದ. ಅನಂತರ 125 ಗ್ರಾಂ ಸಕ್ಕರೆಯನ್ನು ಸುಮಾರು 125 ಮಿ.ಲೀ. ನೀರಿನಲ್ಲಿ ಕರಗಿಸಿ, ಬೇಕಾದಷ್ಟೇ ಹಾಕುತ್ತ ಗಟ್ಟಿಯಾಗಿ ಕಲಸಬೇಕು. ಕರ್ಚಿಕಾಯಿಯ ಹಿಟ್ಟಿಗೂ ಇದೇ ಕ್ರಮ, ಎಣ್ಣೆ ಇದರ ಅರ್ಧ ಸಾಕು.

ಬಿಸ್ಕೀಟು: ಪೇಟೆಯ ಬೇಕರಿಗೆ ಹಿಟ್ಟು, ಸಕ್ಕರೆ, ಡಾಲ್ಡಾ ಒಯ್ದು ಕೊಟ್ಟು ಬಿಸ್ಕೀಟು, ನಾನ್‌ಖಟಾಯಿ ಮಾಡಿಸಿಕೊಂಡು ಬರುವ ಪದ್ಧತಿ ನಮ್ಮ ಕಡೆ ಇದೆ. ಡಾಲ್ಡಾ ಡಬ್ಬಿಯ ಬದಲು ಎಣ್ಣೆಯನ್ನೂ ಹುರಿದ ಶೇಂಗಾ ಪುಡಿಯನ್ನೂ ಒಯ್ಯಬಹುದು. 200 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ಕಡಲೆ ಹಿಟ್ಟು, 50 ಗ್ರಾಂ ಶೇಂಗಾ ಪುಡಿ, 110 ಗ್ರಾಂ ಪುಡಿ ಸಕ್ಕರೆ, ಅರ್ಧ ಚಹಾ ಚಮಚ ಬೇಕಿಂಗ್ ಪೌಡರ್, ಸುಮಾರು 100 ಮಿ.ಲೀ. ಎಣ್ಣೆ, ಇದು ಪ್ರಮಾಣ. ಎಣ್ಣೆ ಮತ್ತು ಸಕ್ಕರೆಯನ್ನು ಮೊದಲು ಚೆನ್ನಾಗಿ ಕದಡಿ, ಅನಂತರ ಹಿಟ್ಟುಗಳನ್ನು ಹಾಕಬೇಕು, ಹೆಚ್ಚು ನಾದಬಾರದು. ಎಣ್ಣೆಯ ಬಿಸ್ಕೀಟು ಕಾವಿಗೆ ಹರಡುವ ಗುಣವುಳ್ಳದ್ದು. ಕಡಲೆ ಹಿಟ್ಟು ಮತ್ತು ಶೇಂಗಾ ಪುಡಿ ಅದನ್ನು ಹಿಡಿದು ನಿಲ್ಲಿಸುತ್ತವೆ. ಹಿಟ್ಟು ಉದುರುವಂತಿದ್ದರೆ ಒಂದು ಚಮಚ ನೀರು ಸೇರಿಸಬಹುದು. ಮನೆಯಲ್ಲಿ ಮಾಡುವವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಒಂದು ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು 20ರಿಂದ 25 ನಿಮಿಷ ಬೇಯಿಸಬಹುದು. ಮೊದಲ ಸಲ ನಾಲ್ಕೇ ಬಿಸ್ಕೀಟು ಇಟ್ಟು ಹದ ನೋಡಿಕೊಳ್ಳುವುದು ಜಾಣತನ. ಬಿಸಿಯಾಗಿರುವಾಗ ಮೆತ್ತಗಿದ್ದರೂ ಆರಿದ ಮೇಲೆ ಗರಿಯಾಗುತ್ತವೆ.

ಕುಸುಬಿ ಹುಗ್ಗಿ: ಹಾಲಿಲ್ಲದ ಮನೆಗೆ ಇದು ಹಿರಿಯರ ಕೊಡುಗೆ. ಕುಸುಬಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬಿಳಿಯ ಹಾಲು ಬರುತ್ತದೆ. ಬೇಯಿಸಿದ ಗೋಧಿಗೆ ಈ ಹಾಲು ಮತ್ತು ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಕುದಿಸಬೇಕು. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆಯ ಅಂಚಿಗೆ ಎರಡು ಸಾಲು ಕುಸುಬಿ ಹಾಕಿದರೆ ಅದರ ಮುಳ್ಳು ದನಗಳನ್ನು ತಡೆಯುತ್ತದೆ, ಮನೆಗೆ ಕಾಳೂ ಸಿಗುತ್ತದೆ.

ಬೂಷ್ಟಿನ ಬಗ್ಗೆ ಎಚ್ಚರ

ಮನೆಯ ಶೇಂಗಾ ಎಂದ ಮಾತ್ರಕ್ಕೆ ಅದು ಒಳ್ಳೆಯದೆಂದು ತಿಳಿಯಬಾರದು. ಸರಿಯಾಗಿ ಒಣಗದ ಶೇಂಗಾದ ಮೇಲೆ ಬೆಳೆಯುವ ಹಳದಿ-ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಯಕೃತ್ತಿಗೆ ಮಾರಕ. ಹುರಿದರೂ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಯಿಯನ್ನು ಪೇಟೆಗೆ ಕಳಿಸಿ, ಜೊಳ್ಳು, ಮುರುಕು, ಬಣ್ಣಗೆಟ್ಟ ಕಾಳನ್ನು ಮನೆಗೆ ಉಳಿಸಿಕೊಳ್ಳುವ ರೂಢಿ ಹಲವು ಕಡೆ ಇದೆ. ಈ ರೂಢಿಯನ್ನು ಬಿಡಲೇಬೇಕು. ಅಂಥ ಕಾಳನ್ನು ಗಾಣಕ್ಕೂ ಹಾಕಬಾರದು; ವಿಷದ ಬಹುಭಾಗ ಹಿಂಡಿಯಲ್ಲಿ ಉಳಿದು, ಅದನ್ನು ತಿಂದ ಎಮ್ಮೆಯ ಹಾಲಿಗೂ ಇಳಿಯುತ್ತದೆ.

ಕಿತ್ತ ಶೇಂಗಾವನ್ನು ಕಾಳಿನ ತೇವ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಕಾಳು ಗಲಗಲ ಸದ್ದು ಮಾಡಬೇಕು. ಕಾಳನ್ನು ಉಜ್ಜಿದರೆ ಸಿಪ್ಪೆ ಸುಲಭವಾಗಿ ಬಿಡಬೇಕು. ಮನೆ ಬಳಕೆಗೆ ಇಡುವುದನ್ನು ಕಾಯಿಯಾಗಿಯೇ ಇಟ್ಟು, ಬೇಕಾದಾಗ ಮಾತ್ರ ಒಡೆದುಕೊಳ್ಳಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಒಟ್ಟಬೇಕು.

ಗಾಣದ ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ಟೀಲಿನ ಡಬ್ಬಿಯಲ್ಲಿ ಬೆಳಕು ತಾಗದಂತೆ ಇಡಬೇಕು. ಕರಿಯುವಾಗ ಹೊಗೆ ಏಳುವಷ್ಟು ಕಾಯಿಸಬಾರದು. ಕರಿದು ಕಪ್ಪಾದ ಎಣ್ಣೆಯನ್ನು ಮತ್ತೆ ಮತ್ತೆ ಬಳಸಿದರೆ ಡಾಲ್ಡಾ ಬಿಟ್ಟು ಪಡೆದ ಲಾಭ ಅಲ್ಲಿಯೇ ಕಳೆದುಹೋಗುತ್ತದೆ. ಎಣ್ಣೆಯೂ ಜಿಡ್ಡೇ, ಹೆಚ್ಚು ತಿಂದರೆ ಅದೂ ಭಾರ.

ಮನೆಯ ಲೆಕ್ಕ

ಹತ್ತು ಕಿಲೋ ಚೆನ್ನಾಗಿ ತುಂಬಿದ ಶೇಂಗಾ ಕಾಯಿ ಒಡೆದರೆ ಸುಮಾರು 7 ಕಿಲೋ ಕಾಳು ಸಿಗುತ್ತದೆ. ಅದನ್ನು ಗಾಣಕ್ಕೆ ಹಾಕಿದರೆ ಎರಡೂವರೆಯಿಂದ ಮೂರು ಕಿಲೋ ಎಣ್ಣೆ ಬರುತ್ತದೆ. ಉಳಿದ ಹಿಂಡಿ ದನಕ್ಕೆ ಆಗುತ್ತದೆ. ಸಾಧಾರಣ ಕುಟುಂಬದ ದೀಪಾವಳಿಯ ತಿನಿಸುಗಳಿಗೆ ಇಷ್ಟು ಎಣ್ಣೆ ಸಾಕು. ಹೋಳಿಗೆ, ಉಂಡೆಗಳಿಗೆ ಇನ್ನೊಂದು ಐದು ಕಿಲೋ, ಎಳ್ಳ ಅಮಾವಾಸ್ಯೆ ಮತ್ತು ಮುಂದಿನ ಪಂಚಮಿಗೆ ಮತ್ತೈದು ಕಿಲೋ. ಒಟ್ಟು 20 ಕಿಲೋ ಕಾಯಿಯನ್ನು ಟ್ರ್ಯಾಕ್ಟರಿಗೆ ಹೇರುವ ಮುನ್ನವೇ ತೂಗಿ ಒಳಗಿಟ್ಟರೆ ವರ್ಷದ ಹಬ್ಬಗಳಿಗೆ ಜಿಡ್ಡಿನ ಚಿಂತೆ ಕಡಿಮೆಯಾಗುತ್ತದೆ. ಗಾಣದ ಕೂಲಿ, ಆ ದಿನದ ಶೇಂಗಾ ದರ, ಅಂಗಡಿಯ ಎಣ್ಣೆ-ತುಪ್ಪದ ದರ ಇವನ್ನು ಒಂದು ಕಾಗದದ ಮೇಲೆ ಬರೆದು ಮನೆಯವರೆಲ್ಲ ಕೂಡಿ ನೋಡಲಿ. ಕೆಲವು ವರ್ಷ ದುಡ್ಡಿನ ಉಳಿತಾಯ ಸ್ವಲ್ಪವೇ ಇರಬಹುದು. ತಿನ್ನುವ ವಸ್ತು ಯಾವುದೆಂಬ ಖಾತರಿ ಮಾತ್ರ ಪ್ರತಿ ವರ್ಷವೂ ಇರುತ್ತದೆ.

ಈ ದೇಶ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹೊರದೇಶಗಳಿಂದ ತರಿಸುತ್ತದೆ. 1986ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಆರಂಭವಾದುದು ಈ ಕೊರತೆಯನ್ನು ತುಂಬುವ ಸಲುವಾಗಿಯೇ. ಕುಷ್ಟಗಿಯ ಮಸಾರಿ ಹೊಲದ ಶೇಂಗಾ, ಯಲಬುರ್ಗಾದ ಎರೆ ಹೊಲದ ಕುಸುಬಿ ಮೊದಲು ಬೆಳೆದವರ ಮಕ್ಕಳ ತಟ್ಟೆಗೆ ಬಂದು ಆಮೇಲೆ ಪೇಟೆಗೆ ಹೋದರೆ ತಪ್ಪೇನೂ ಇಲ್ಲ.

ಎಮ್ಮೆ ಇದ್ದವರು ತುಪ್ಪ ತಿನ್ನಲಿ; ಬೆಳೆಯುವ ಮಕ್ಕಳಿಗೆ ಹಾಕಲಿ. ಇಲ್ಲದವರು ಸಾಲ ಮಾಡಿ ತುಪ್ಪ ತರಬೇಕಾಗಿಲ್ಲ, ಬಿಡಿ ಡಾಲ್ಡಾಕ್ಕೆ ಕೈ ಚಾಚಬೇಕಾಗಿಲ್ಲ, ಬಂದ ಬೀಗರ ಮುಂದೆ ಸಂಕೋಚಪಡಬೇಕಾಗಿಯೂ ಇಲ್ಲ. ಬರುವ ಸುಗ್ಗಿಯಲ್ಲಿ ಮೊದಲ 20 ಕಿಲೋ ಒಳ್ಳೆಯ ಕಾಯಿಯನ್ನು ಆರಿಸಿ, ಒಣಗಿಸಿ ಮನೆಗಿಡುವುದರಿಂದ ಈ ಕೆಲಸ ಆರಂಭವಾಗಲಿ. ಗ್ರಾಮಸೇವಕರು, ಮಹಿಳಾ ಸಂಘದವರು ಊರಿಗೊಂದು ಸಲವಾದರೂ ಎಣ್ಣೆಯ ಶಂಕರಪಾಳಿಯನ್ನೂ ಶೇಂಗಾ ಬಿಸ್ಕೀಟನ್ನೂ ಎಲ್ಲರೆದುರು ಮಾಡಿ ತೋರಿಸಿ, ಮೊದಲ ತಟ್ಟೆಯನ್ನು ಊರಿನ ಹಿರಿಯ ಅತ್ತೆಯರ ಮುಂದಿಡಲಿ. ಅವರು ಒಪ್ಪಿದರೆ ಊರೇ ಒಪ್ಪಿದಂತೆ.